ಕೂಲಿಯ ವೇಷದಲ್ಲಿ ಬಂದ ಗುರು

ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ವಿರಳ. ಬಲಿಪೂಜೆಗೆ ದೂರ ಪ್ರಯಾಣ ಮಾಡಬೇಕಾದವರಿಗೆ ಒಂದು ಭಾನುವಾರ ತಪ್ಪಿದರೆ ಮುಂದಿನದೂ ತಪ್ಪುವುದು ಸುಲಭ. ಮನೆಯಲ್ಲಿಯೇ ಜಪಸರ ಹೇಳಿಕೊಂಡರೆ ಸಾಲದೇ ಎಂಬ ಪ್ರಶ್ನೆ ನಮ್ಮಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿ ಎದ್ದಿರಬಹುದು. ಆ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ನಾವು ಈ ವಾರ ಸಂತ ಜೋಸೆಫ್ ವಾಜರ ಜೀವನವನ್ನು ಸ್ಮರಿಸುತ್ತೇವೆ. ಅವರ ಕಾರ್ಯಕ್ಷೇತ್ರ ನಮ್ಮ ಬಯಲುಸೀಮೆಯಲ್ಲ. ನಮ್ಮದೇ ನಾಡಿನ ಕರಾವಳಿ ಮತ್ತು ಅದರಾಚೆಯ ಲಂಕೆ.

ವಾಜರು 1651ರಲ್ಲಿ ಗೋವೆಯ ಬೆನೌಲಿಂ ಗ್ರಾಮದಲ್ಲಿ ಜನಿಸಿ, 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಅಲ್ಲಿ ಪೋರ್ಚುಗೀಸರ ಬಲ ಕುಗ್ಗಿ, ಇಕ್ಕೇರಿಯ ನಾಯಕರ ಆಳ್ವಿಕೆ ನಡೆದಿತ್ತು. ಭಕ್ತಜನರ ಸಂಕಟ ಮಾತ್ರ ಧರ್ಮಸಭೆಯ ಒಳಗಿನಿಂದಲೇ ಹುಟ್ಟಿದ್ದು. ಗುರುಗಳನ್ನು ನೇಮಿಸುವ ಹಕ್ಕು ಪೋರ್ಚುಗಲ್ ದೊರೆಯ ಆಶ್ರಯದಲ್ಲಿದ್ದ ಗೋವೆಯದೆಂದು ಒಂದು ಪಕ್ಷ. ರೋಮಿನಿಂದಲೇ ನೇಮಕಗೊಂಡು ಬಂದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರದೆಂದು ಇನ್ನೊಂದು ಪಕ್ಷ. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧು, ಯಾರ ಮುಂದೆ ಮಾಡಿದ ಪಾಪನಿವೇದನೆಗೆ ಕ್ಷಮೆಯುಂಟು ಎಂದು ಬಡ ವಿಶ್ವಾಸಿಗಳು ಕಳವಳಗೊಂಡಿದ್ದರು. ಅಧಿಕಾರದ ಜಗಳದಲ್ಲಿ ಪೆಟ್ಟು ಬೀಳುವುದು ಯಾವಾಗಲೂ ಇಂಥವರಿಗೇ ಎಂದು ನಮಗನಿಸುತ್ತದೆ. ವಾಜರು ಗೋವೆಯ ಪಕ್ಷದಿಂದ ಬಂದವರಾದರೂ ಬಿಷಪರೊಡನೆ ವಿನಯದಿಂದ ಮಾತುಕತೆ ನಡೆಸಿ, ಜನರು ಸಂಸ್ಕಾರಗಳಿಂದ ವಂಚಿತರಾಗದಂತೆ ದಾರಿ ಹುಡುಕಿದರು. ಮಂಗಳೂರು, ಬಸ್ರೂರು, ಕಲ್ಯಾಣಪುರ, ಗಂಗೊಳ್ಳಿ ಎಂದು ಬರಿಗಾಲಿನಲ್ಲಿ ಸಂಚರಿಸಿ, ಚದುರಿಹೋಗಿದ್ದ ಮಂದೆಯನ್ನು ಒಗ್ಗೂಡಿಸಿದರು. ಮಂಗಳೂರಿನ ಬಳಿಯ ಮುಡಿಪುವಿನ ಪುಣ್ಯಕ್ಷೇತ್ರ ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ.

1684ರಲ್ಲಿ ಗೋವೆಗೆ ಮರಳಿದರೂ ಅವರ ಮನಸ್ಸು ಲಂಕೆಯ ಕಡೆಗಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಹೊರಗಟ್ಟಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಗುರುವಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯ ಭಯವಿತ್ತು. ಮೂವತ್ತು ವರ್ಷಗಳ ಕಾಲ ಜನರು ಮನೆಗಳಲ್ಲಿ ಗುಟ್ಟಾಗಿ ಪ್ರಾರ್ಥನೆ ಹೇಳಿಕೊಂಡರು. ಅವಶ್ಯಕತೆ ಬಿದ್ದಾಗ ಸಾಮಾನ್ಯ ವಿಶ್ವಾಸಿಯೂ ಜ್ಞಾನಸ್ನಾನ ಕೊಡಬಹುದು. ಆದರೆ ಬಲಿಪೂಜೆ, ಪಾಪಕ್ಷಮೆ, ಮರಣಶಯ್ಯೆಯಲ್ಲಿರುವವರ ಅಭ್ಯಂಗ ಗುರುವಿಲ್ಲದೆ ದೊರೆಯವು. ಬೆಳೆದು ನಿಂತ ಒಂದು ತಲೆಮಾರು ಪರಮಪ್ರಸಾದವನ್ನೇ ಕಂಡಿರಲಿಲ್ಲ.

1687ರಲ್ಲಿ ವಾಜರು ಕೂಲಿಯಾಳಿನ ವೇಷದಲ್ಲಿ ಲಂಕೆಯ ನೆಲ ಮುಟ್ಟಿದರು. ಆಮಶಂಕೆಯಿಂದ ಸಾವಿನ ಅಂಚಿಗೆ ಹೋಗಿ ಬದುಕಿದರು. ಜಾಫ್ನಾದಲ್ಲಿ ಕಥೋಲಿಕರು ಯಾರೆಂದು ಕೇಳುವಂತಿರಲಿಲ್ಲ. ಆದ್ದರಿಂದ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಗುರುತಿಸಿದವರ ಕಣ್ಣುಗಳೇ ಅವರಿಗೆ ಉತ್ತರವಾದವು. ಬಳಿಕ ರಾತ್ರಿಯ ಹೊತ್ತು, ಮುಚ್ಚಿದ ಬಾಗಿಲುಗಳ ಹಿಂದೆ ಬಲಿಪೂಜೆ ನಡೆಯಿತು. ಸುಳಿವು ಹತ್ತಿದ ಡಚ್ಚರು ಶೋಧ ನಡೆಸಿ ಅನೇಕ ವಿಶ್ವಾಸಿಗಳನ್ನು ಸೆರೆಹಿಡಿದರು. ಜನರು ಅಷ್ಟು ಬೆಲೆ ತೆತ್ತು ಬಯಸಿದ್ದು ಪರಮಪ್ರಸಾದದ ಒಂದು ತುಣುಕನ್ನು ಎಂಬುದು ನಮಗೆ ನಾಚಿಕೆ ತರಿಸುತ್ತದೆ.

ಡಚ್ಚರ ಕೈಗೆ ಸಿಗದೆ ವಾಜರು 1692ರಲ್ಲಿ ಸ್ವತಂತ್ರ ಬೌದ್ಧರಾಜ್ಯವಾದ ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಗೂಢಚಾರರೆಂಬ ಆರೋಪದ ಮೇಲೆ ಅಲ್ಲಿಯೂ ಸೆರೆಮನೆ ಕಾದಿತ್ತು. ಅನಾವೃಷ್ಟಿಯ ಕಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದು ಭಕ್ತರು ನಂಬುತ್ತಾರೆ. ಕ್ರಮೇಣ ದೊರೆ ಎರಡನೆಯ ವಿಮಲಧರ್ಮಸೂರ್ಯನ ಸಂಶಯ ಕರಗಿತು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ, ಬಂಧುಗಳೇ ರೋಗಿಗಳನ್ನು ತೊರೆದು ಓಡಿದಾಗ ವಾಜರು ಮತಭೇದವೆಣಿಸದೆ ಅವರನ್ನು ತೊಳೆದು, ಉಣಿಸಿ, ಸತ್ತವರನ್ನು ಮಣ್ಣು ಮಾಡಿದರು. ಗೋವೆಯಿಂದ ಬಂದ ಸಹೋದರ ಗುರುಗಳು ಈ ಕಾರ್ಯವನ್ನು ಮುಂದುವರಿಸಿದರು. ಅವರಲ್ಲಿ ಜಾಕೋಮ್ ಗೊನ್ಸಾಲ್ವಿಸ್ ಸಿಂಹಳ ಕ್ರೈಸ್ತ ಸಾಹಿತ್ಯಕ್ಕೇ ತಳಹದಿ ಹಾಕಿದವರು.

1711ರ ಜನವರಿ 16ರಂದು ವಾಜರು ಕ್ಯಾಂಡಿಯಲ್ಲಿ ದೈವಾಧೀನರಾದರು. ಜಗದ್ಗುರು ಎರಡನೆಯ ಜಾನ್ ಪಾಲ್ 1995ರಲ್ಲಿ ಅವರನ್ನು ಪುನೀತರ ಸಾಲಿಗೂ, ಜಗದ್ಗುರು ಫ್ರಾನ್ಸಿಸ್ 2015ರಲ್ಲಿ ಸಂತರ ಸಾಲಿಗೂ ಸೇರಿಸಿದರು. ಎರಡೂ ಸಮಾರಂಭಗಳು ಕೊಲಂಬೊದಲ್ಲಿಯೇ ನಡೆದವು. ಪ್ರತಿ ವರ್ಷ ಜನವರಿ 16 ಅವರ ಹಬ್ಬದ ದಿನ. ಅವರನ್ನು ಸಮಾಧಿ ಮಾಡಿದ ಸ್ಥಳ ಮಾತ್ರ ಕಾಲಾಂತರದಲ್ಲಿ ಗುರುತು ಸಿಗದಂತಾಗಿದೆ.