ಮಂದ್ರವಾದಕ ಜೇಮ್ಸ್ ಜೇಮರ್ಸನ್

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಕರೊಲಿನ ರಾಜ್ಯದಲ್ಲಿ, ಚಾರ್ಲ್ಸ್‌ಟನ್ ನಗರಕ್ಕೆ ಸಮೀಪದ ಕಡಲಂಚಿನಲ್ಲಿ ಎಡಿಸ್ಟೊ ಎಂಬ ದ್ವೀಪವಿದೆ. 1936ನೆಯ ಇಸವಿ ಜನವರಿ 29ರಂದು ಜೇಮ್ಸ್ ಜೇಮರ್ಸನ್ ಅಲ್ಲಿ ಜನಿಸಿದನು. ತಂದೆ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದನು; ತಾಯಿ ಪರರ ಮನೆಗಳಲ್ಲಿ ಕೆಲಸಮಾಡಿ ಜೀವಿಸುತ್ತಿದ್ದಳು. ಕಪ್ಪುಜನರಿಗೆ ಶಾಲೆ ಬೇರೆ, ಬಸ್ಸಿನಲ್ಲಿ ಆಸನ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆಯಾಗಿದ್ದ ಕಾಲ ಅದು. ಬಡತನವೇನೋ ಇದ್ದಿತು, ಆದರೆ ಸಂಗೀತಕ್ಕೆ ಆ ಮನೆಯಲ್ಲಿ ಬಡತನವಿರಲಿಲ್ಲ. ಅಜ್ಜಿ ಪಿಯಾನೊ ನುಡಿಸುತ್ತಿದ್ದಳು. ಅತ್ತೆಯೊಬ್ಬಳು ಚರ್ಚಿನ ಮೇಳದಲ್ಲಿ ಹಾಡುತ್ತಿದ್ದಳು. ಬಾಲಕ ಜೇಮ್ಸ್ ಒಂದು ಕೋಲಿಗೆ ರಬ್ಬರ್ ಪಟ್ಟಿಯನ್ನು ಬಿಗಿದು, ಅದನ್ನು ಇರುವೆಗೂಡಿನಲ್ಲಿ ನೆಟ್ಟು, ಮೀಟಿ, ಇರುವೆಗಳನ್ನು ಕುಣಿಸುತ್ತೇನೆಂದು ಕುಳಿತಿರುತ್ತಿದ್ದನಂತೆ. ಇರುವೆಗಳು ಕುಣಿದವೋ ಇಲ್ಲವೋ, ಮುಂದೆ ಜಗತ್ತಿನ ಕೋಟ್ಯಂತರ ಜನ ಅವನ ಮೀಟಿಗೆ ಕುಣಿದದ್ದು ಮಾತ್ರ ನಿಜ.

ದಕ್ಷಿಣದ ಕಪ್ಪುಜನರು ಆ ದಿನಗಳಲ್ಲಿ ಹೊಟ್ಟೆಪಾಡಿಗಾಗಿ ಗುಂಪುಗುಂಪಾಗಿ ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆಹೋಗುತ್ತಿದ್ದರು. ಜೇಮರ್ಸನ್ನನ ತಾಯಿಯೂ ಮೋಟಾರು ಕಾರುಗಳ ತಯಾರಿಕೆಗೆ ಹೆಸರಾದ ಡೆಟ್ರಾಯಿಟ್ ನಗರವನ್ನು ಸೇರಿದಳು. 1954ರಲ್ಲಿ ಮಗನೂ ಅಲ್ಲಿಗೆ ಬಂದು ನಾರ್ತ್‌ವೆಸ್ಟರ್ನ್ ಪ್ರೌಢಶಾಲೆಗೆ ಸೇರಿದನು. ಆ ಶಾಲೆಯಲ್ಲಿ ಡಬಲ್ ಬೇಸ್ ಎಂಬ, ಆಳೆತ್ತರಕ್ಕಿಂತಲೂ ದೊಡ್ಡದಾದ ತಂತಿವಾದ್ಯವು ಅವನ ಕೈಗೆ ಬಂದಿತು. ಹುಡುಗನ ಅಂಗೈ ಅಗಲ, ಬೆರಳು ಉದ್ದ. ಆ ವಾದ್ಯಕ್ಕೆ ಅಂಥ ಕೈಗಳೇ ಬೇಕು. ವಿದ್ಯಾಭ್ಯಾಸ ಮುಗಿಯುವ ವೇಳೆಗಾಗಲೇ ಅವನು ರಾತ್ರಿಯ ವೇಳೆ ನಗರದ ಜಾಸ್ ಸಂಗೀತ ಗೃಹಗಳಲ್ಲಿ ನುಡಿಸಿ ನಾಲ್ಕು ಕಾಸು ಸಂಪಾದಿಸತೊಡಗಿದ್ದನು.

ಮಂದ್ರವಾದ್ಯದ ಕೆಲಸವೇನೆಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ನಮ್ಮ ಕಚೇರಿಗಳಲ್ಲಿ ತಂಬೂರಿಯು ಶ್ರುತಿಯನ್ನು ಹಿಡಿದು ನಿಲ್ಲಿಸುತ್ತದೆ. ಮೃದಂಗವು ಲಯವನ್ನು ನಡೆಸುತ್ತದೆ. ಪಾಶ್ಚಾತ್ಯ ವಾದ್ಯಮೇಳದಲ್ಲಿ ಬೇಸ್ ಎಂಬುದು ಈ ಎರಡು ಹೊಣೆಗಳಲ್ಲಿಯೂ ಪಾಲು ಹೊರುತ್ತದೆ. ಎಲ್ಲರಿಗಿಂತ ಕೆಳಗಿನ ಸ್ವರ ಅದರದು. ಕೇಳುವವರ ಕಿವಿ ಗಾಯಕನ ಮೇಲಿರುತ್ತದೆಯೇ ಹೊರತು ಈ ಮಂದ್ರಧ್ವನಿಯ ಮೇಲಲ್ಲ. ಆದರೆ ಅದು ನಿಂತುಹೋದರೆ ಹಾಡಿನ ಕಾಲು ಕುಸಿಯುತ್ತದೆ.

ಬಹುಕಾಲದವರೆಗೆ ಈ ಕೆಲಸ ಡಬಲ್ ಬೇಸಿನದೇ ಆಗಿದ್ದಿತು. ಅದನ್ನು ಕಾರಿನ ತಲೆಯ ಮೇಲೆ ಕಟ್ಟಿ ಊರೂರು ತಿರುಗಬೇಕಾಗಿದ್ದಿತು. ಇಷ್ಟಾಗಿಯೂ ಡ್ರಮ್ಮುಗಳ ಆರ್ಭಟದ ನಡುವೆ ಅದರ ದನಿ ಕೇಳಿಸುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಎಂಬ ರೇಡಿಯೊ ದುರಸ್ತಿಗಾರನು 1951ರಲ್ಲಿ ಇದಕ್ಕೆ ಪರಿಹಾರ ಕಂಡುಹಿಡಿದನು. ಗಿಟಾರಿನಂತೆ ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ, ಗಟ್ಟಿ ಮರದ ಹಲಗೆಯ, ನಾಲ್ಕು ತಂತಿಗಳ ಒಂದು ವಿದ್ಯುತ್ ವಾದ್ಯವನ್ನು ಅವನು ಮಾರುಕಟ್ಟೆಗೆ ತಂದನು. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳೂ ಅವುಗಳ ಸುತ್ತ ತಾಮ್ರದ ಎಳೆಯ ಸುರುಳಿಗಳೂ ಇದ್ದವು. ತಂತಿ ಕಂಪಿಸಿದಾಗ ಸುರುಳಿಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ ಪ್ರವಾಹವು ಧ್ವನಿವರ್ಧಕವನ್ನು ಸೇರಿ ದೊಡ್ಡ ನಾದವಾಗುತ್ತಿದ್ದಿತು. ಡಬಲ್ ಬೇಸಿನಲ್ಲಿ ಸ್ವರಸ್ಥಾನವನ್ನು ಕಿವಿಯ ಅಂದಾಜಿನಿಂದಲೇ ಹುಡುಕಬೇಕು. ಇದಕ್ಕೋ ವೀಣೆಯಂತೆ ಮೆಟ್ಟಿಲುಗಳಿದ್ದವು; ಬೆರಳು ಇಟ್ಟಲ್ಲಿ ಸ್ವರ ನಿಖರ. ಆದುದರಿಂದಲೇ ಅದಕ್ಕೆ ನಿಖರತೆ ಎಂಬ ಅರ್ಥದ ಪ್ರಿಸಿಷನ್ ಬೇಸ್ ಎಂಬ ಹೆಸರಾಯಿತು. ಇದನ್ನು ರೂಪಿಸಿದ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವೆಂಬುದು ಒಂದು ವಿನೋದ.

1959ರಲ್ಲಿ ಬೆರಿ ಗಾರ್ಡಿ ಎಂಬ ತರುಣನು ತನ್ನ ಕುಟುಂಬದವರಿಂದ 800 ಡಾಲರುಗಳನ್ನು ಸಾಲವಾಗಿ ಪಡೆದು ಡೆಟ್ರಾಯಿಟಿನಲ್ಲಿ ಒಂದು ಗಾನಮುದ್ರಿಕಾ ಸಂಸ್ಥೆಯನ್ನು ಆರಂಭಿಸಿದನು. ಅದೇ ಮುಂದೆ ಮೋಟೌನ್ ಎಂದು ಲೋಕಪ್ರಸಿದ್ಧವಾಯಿತು. ಹಿಂದೆ ಕಾರು ಕಾರ್ಖಾನೆಯ ಜೋಡಣಾ ಸಾಲಿನಲ್ಲಿ ದುಡಿದಿದ್ದ ಗಾರ್ಡಿ, ಕಾರುಗಳಂತೆಯೇ ಹಾಡುಗಳನ್ನೂ ಹಂತಹಂತವಾಗಿ ಕಟ್ಟಿ ಹೊರಗೆ ಕಳುಹಿಸುವ ಕ್ರಮವನ್ನು ರೂಢಿಸಿದನು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಒಂದು ಸಾಮಾನ್ಯ ಮನೆಯೇ ಅದರ ಕಚೇರಿ. ಅಲ್ಲಿನ ಇಕ್ಕಟ್ಟಾದ ಕೋಣೆಯೊಂದೇ ಧ್ವನಿಮುದ್ರಣಾಲಯ. ಮಾಡಿನಿಂದ ತಂತಿಗಳು ಜೋತುಬಿದ್ದಿದ್ದ ಆ ಕೋಣೆಯನ್ನು ವಾದ್ಯಗಾರರು ಹಾವಿನ ಗುಂಡಿಯೆಂದು ಕರೆಯುತ್ತಿದ್ದರು. ಜೇಮರ್ಸನ್ ಆ ಗುಂಡಿಗೆ ಇಳಿದದ್ದು ಸಂಸ್ಥೆಯ ಮೊದಲ ದಿನಗಳಲ್ಲಿಯೇ. ಹತ್ತು ಹನ್ನೆರಡು ಮಂದಿ ಕಾಯಂ ವಾದ್ಯಗಾರರ ಆ ಮೇಳಕ್ಕೆ ಫಂಕ್ ಬ್ರದರ್ಸ್ ಎಂಬ ಹೆಸರು ಬಿದ್ದಿತು. ಬೆನ್ನಿ ಬೆಂಜಮಿನ್ ಡ್ರಮ್ಮು, ಅರ್ಲ್ ವ್ಯಾನ್ ಡೈಕ್ ಪಿಯಾನೊ, ಜೇಮರ್ಸನ್ ಬೇಸ್.

ವಿದ್ಯುತ್ ಬೇಸನ್ನು ಕೈಗೆತ್ತಿಕೊಳ್ಳಲು ಜೇಮರ್ಸನ್ ಮೊದಮೊದಲು ಹಿಂಜರಿದನು. 1960ರ ಸುಮಾರಿಗೆ ಅದು ಅವನ ಕೈ ಸೇರಿತು. ಗೆಳೆಯನೊಬ್ಬನಿಂದ ಬಂದ 1957ರ ಪ್ರಿಸಿಷನ್ ಬೇಸ್ ಒಂದನ್ನು ಕೆಲಕಾಲ ನುಡಿಸಿದನು. ಕಪ್ಪು ಬಣ್ಣ ಬಳಿದ ಆ ವಾದ್ಯ ಕಳವಾಯಿತು. ಅನಂತರ ಬಂದದ್ದು 1962ರ ಮತ್ತೊಂದು ಪ್ರಿಸಿಷನ್. ಅಂಗಡಿಯಲ್ಲಿ ಯಾರಾದರೂ ಕೊಳ್ಳಬಹುದಾಗಿದ್ದ ಸಾಮಾನ್ಯ ವಾದ್ಯ ಅದು; ನಡುವೆ ಹಳದಿ, ಅಂಚಿನಲ್ಲಿ ಕೆಂಪು ಮತ್ತು ಕಪ್ಪು ಬೆರೆತ ಮೆರುಗು. ಅದರ ಕತ್ತಿನ ಬುಡದಲ್ಲಿ ಫಂಕ್ ಎಂಬ ಪದವನ್ನು ಕೊರೆದು ನೀಲಿ ಮಸಿ ತುಂಬಿದ್ದನು. ಉಳಿದ ಜೀವಮಾನವನ್ನೆಲ್ಲ ಬಹುಮಟ್ಟಿಗೆ ಆ ಒಂದು ವಾದ್ಯದೊಡನೆಯೇ ಕಳೆದನು.

ಆ ವಾದ್ಯವನ್ನು ಅವನು ಇಟ್ಟುಕೊಂಡಿದ್ದ ರೀತಿ ಕೇಳಿದರೆ ಇಂದಿನ ವಾದ್ಯಗಾರರು ಬೆಚ್ಚುವರು. ತಂತಿಗಳು ಮೆಟ್ಟಿಲುಗಳಿಂದ ಬಹಳ ಎತ್ತರದಲ್ಲಿದ್ದು, ಬೇರೆಯವರು ಒತ್ತಿ ನುಡಿಸುವುದೇ ಕಷ್ಟವಾಗಿದ್ದಿತು. ನುಣುಪಾದ ಸುತ್ತಿನ, ದಪ್ಪನೆಯ ಲಬೆಲ್ಲ ತಂತಿಗಳನ್ನೇ ಅವನು ಬಳಸಿದನು. ಅವು ಹರಿದಲ್ಲದೆ ಬದಲಾಯಿಸುತ್ತಿರಲಿಲ್ಲ. ತಂತಿಗೆ ಅಂಟಿದ ಬೆವರು ಜಿಡ್ಡಿನಲ್ಲಿಯೇ ನಾದದ ಸತ್ತ್ವವಿದೆಯೆಂದು ಅವನ ನಂಬಿಕೆ. ಕುದುರೆಯ ಮೇಲಿನ ಲೋಹದ ಮುಚ್ಚಳದೊಳಗೆ ಸ್ಪಂಜಿನ ತುಂಡೊಂದು ತಂತಿಗಳಿಗೆ ಒತ್ತಿಕೊಂಡಿದ್ದು, ಸ್ವರವು ಎಳೆದಾಡದೆ ದುಂಡಗೆ ಕೇಳಿ ಅಡಗುತ್ತಿದ್ದಿತು. ಬಲಗೈಯ ತೋರುಬೆರಳೊಂದರಿಂದಲೇ ಅವನು ಎಲ್ಲವನ್ನೂ ಮೀಟುತ್ತಿದ್ದನು. ಜೊತೆಗಾರರು ಆ ಬೆರಳಿಗೆ ಕೊಕ್ಕೆಯೆಂದು ಅಡ್ಡಹೆಸರಿಟ್ಟಿದ್ದರು. ಎರಡು ಬೆರಳುಗಳಿಂದಲೂ ಇತರರಿಗೆ ಸಾಧ್ಯವಾಗದ ವೇಗ ಅದಕ್ಕಿದ್ದಿತು.

ಅವನಿಗಿಂತ ಹಿಂದಿನ ಜನಪ್ರಿಯ ಗೀತೆಗಳಲ್ಲಿ ಬೇಸ್ ವಾದಕರು ಒಂದೆರಡು ಸ್ವರಗಳನ್ನೇ ಮರಳಿ ಮರಳಿ ನುಡಿಸಿ ಸುಮ್ಮನಾಗುತ್ತಿದ್ದರು. ಜೇಮರ್ಸನ್ ಜಾಸ್ ಸಂಗೀತದಲ್ಲಿ ಪಳಗಿದವನು. ಮುಖ್ಯ ಸ್ವರಗಳ ನಡುವಿನ ಸಂದುಗಳಲ್ಲಿ ಸಂಚರಿಸಿ, ತಾಳದ ಪೆಟ್ಟಿಗೆ ಒಂದಿಷ್ಟು ಹಿಂದೆ ಮುಂದೆ ಸರಿದು, ಗಾಯಕನೊಡನೆ ಸಂವಾದ ನಡೆಸಿದಂತೆ ಅವನು ನುಡಿಸಿದನು. 1964ರ ಮೈ ಗರ್ಲ್ ಗೀತೆ ಮೂರು ಸ್ವರಗಳ ಸರಳ ಆರಂಭದಿಂದಲೇ ಗುರುತು ಸಿಗುತ್ತದೆ. ಆ ಸ್ವರಗಳು ಅವನವು. ಫೋರ್ ಟಾಪ್ಸ್ ತಂಡದ 1967ರ ಬರ್ನಡೆಟ್, ಸ್ಟೀವಿ ವಂಡರನ 1968ರ ಫಾರ್ ಒನ್ಸ್ ಇನ್ ಮೈ ಲೈಫ್ ಇವುಗಳಲ್ಲಿ ಬೇಸ್ ಒಂದು ಕಡೆ ನಿಲ್ಲುವುದೇ ಇಲ್ಲ. ಹೀಗಿದ್ದೂ ಹಾಡುಗಾರನನ್ನು ಅದು ತುಳಿಯುವುದಿಲ್ಲ. ಈ ಸಂಯಮವೇ ಅವನ ವಿದ್ಯೆಯ ಸಾರವೆನ್ನಬಹುದು. ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವನ ವಾದನದಿಂದ ತಾನು ಕಲಿತುದನ್ನು ಮುಂದೆ ಮುಕ್ತವಾಗಿ ಒಪ್ಪಿಕೊಂಡನು. ಆದರೆ ಮೊದಮೊದಲು ಕೇಳುತ್ತಿದ್ದಾಗ, ನುಡಿಸಿದವನ ಹೆಸರೇನೆಂಬುದು ಅವನಿಗೂ ಗೊತ್ತಿರಲಿಲ್ಲ.

ಗೊತ್ತಾಗುವ ಬಗೆಯಾದರೂ ಯಾವುದು? ಮುದ್ರಿಕೆಗಳ ಮೇಲೆ ವಾದ್ಯಗಾರರ ಹೆಸರನ್ನು ಅಚ್ಚುಮಾಡುವ ಪದ್ಧತಿ ಮೋಟೌನಿನಲ್ಲಿರಲಿಲ್ಲ. ಹಗಲೆಲ್ಲ ಹಾವಿನ ಗುಂಡಿಯಲ್ಲಿ ದುಡಿದ ಆ ಮೇಳ, ರಾತ್ರಿ ನಗರದ ಸಣ್ಣ ಸಂಗೀತ ಗೃಹಗಳಿಗೆ ಹೋಗಿ ಮನಬಂದಂತೆ ಜಾಸ್ ನುಡಿಸುತ್ತಿದ್ದಿತು. ಜೇಮರ್ಸನ್ ತನ್ನ ಪ್ರಿಸಿಷನ್ ಬೇಸನ್ನು ಆಂಪೆಗ್ ಧ್ವನಿವರ್ಧಕಕ್ಕೆ ಜೋಡಿಸಿ ನಿಂತನೆಂದರೆ ಅಲ್ಲಿ ಅವನಿಗೆ ಯಾವ ಕಟ್ಟೂ ಇಲ್ಲ. ಹಗಲಿನ ಹಾಡುಗಳಲ್ಲಿ ಬರುತ್ತಿದ್ದ ಹೊಸ ಹೊಳಹುಗಳೆಷ್ಟೋ ಈ ರಾತ್ರಿಗಳಲ್ಲಿ ಮೊಳೆತವು. ನಾಲ್ವತ್ತು ಐವತ್ತು ಜನ ಕುಳಿತು ಕೇಳುತ್ತಿದ್ದ ಕೋಣೆಗಳಲ್ಲಿ ನುಡಿಸುತ್ತಿದ್ದವನು, ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದ ಮುದ್ರಿಕೆಗಳ ವಾದಕನೆಂಬುದು ಬಹುಮಂದಿಗೆ ತಿಳಿದಿರಲಿಲ್ಲ. 1971ರಲ್ಲಿ ಹೊರಬಂದ ಮಾರ್ವಿನ್ ಗೇಯ್‌ನ ವಾಟ್ಸ್ ಗೋಯಿಂಗ್ ಆನ್ ಮುದ್ರಿಕೆಯ ಹೊದಿಕೆಯ ಮೇಲೆ ವಾದ್ಯಗಾರರ ಹೆಸರುಗಳು ಅಚ್ಚಾದವು. ಜೇಮರ್ಸನ್ನನ ಹೆಸರಿನ ಹಿಂದೆ ಪ್ರಶಂಸೆಯ ವಿಶೇಷಣವೂ ಇದ್ದಿತು. ಅಷ್ಟರಲ್ಲಿ ಅವನು ಆ ಸಂಸ್ಥೆಗೆ ದುಡಿಯತೊಡಗಿ ಹನ್ನೆರಡು ವರ್ಷಗಳಾಗಿದ್ದವು.

1972ರಲ್ಲಿ ಮೋಟೌನ್ ಡೆಟ್ರಾಯಿಟನ್ನು ಬಿಟ್ಟು ಲಾಸ್ ಏಂಜಲೀಸ್ ನಗರಕ್ಕೆ ತೆರಳಿತು. ಫಂಕ್ ಬ್ರದರ್ಸ್ ಮೇಳ ಚದುರಿಹೋಯಿತು. ಮರುವರ್ಷ ಜೇಮರ್ಸನ್ ಕೂಡ ಅಲ್ಲಿಗೆ ಹೋದನು. ಆದರೆ ಹಳೆಯ ಬಾಳು ಅವನಿಗೆ ಮತ್ತೆ ಸಿಗಲಿಲ್ಲ. ಕಾಲದ ರುಚಿ ಬದಲಾಗಿದ್ದಿತು. ಹೆಬ್ಬೆರಳಿನಿಂದ ತಂತಿಯನ್ನು ಬಡಿದು ನುಡಿಸುವ ಹೊಸ ಶೈಲಿ, ಲೋಹದಂತೆ ಮಿಡಿಯುವ ಹೊಸ ತಂತಿಗಳು, ಬರೆದುಕೊಟ್ಟುದನ್ನೇ ಮರಳಿ ನುಡಿಸುವ ಕ್ರಮ ಇವು ಬೇಡಿಕೆಗೆ ಬಂದಿದ್ದವು. ತಂತಿ ಬದಲಿಸೆಂದು ಹೇಳಿದವರಿದ್ದರು, ಅವನು ಬದಲಿಸಲಿಲ್ಲ. ಇದನ್ನು ಹಟವೆನ್ನುವವರು ಹಟವೆನ್ನಲಿ. ಆ ಹಳೆಯ ತಂತಿಗಳಲ್ಲಿಯೇ ತನ್ನ ದನಿಯಿದೆಯೆಂದು ಬಲ್ಲವನಿಗೆ ಬೇರೆ ದಾರಿ ಕಷ್ಟ. ಆದರೆ ದೋಷವೆಲ್ಲ ಕಾಲದ್ದೇ ಎನ್ನುವುದೂ ಸರಿಯಲ್ಲ. ಬಹಳ ವರ್ಷಗಳಿಂದ ಅಂಟಿಕೊಂಡಿದ್ದ ಕುಡಿತದ ಚಟ ಅವನನ್ನು ಒಳಗಿನಿಂದ ತಿನ್ನುತ್ತಿದ್ದಿತು. ಹೇಳಿದ ಹೊತ್ತಿಗೆ ಕೆಲಸಕ್ಕೆ ಬರಲಾಗದವನನ್ನು ಕರೆಯುವವರು ಕಡಿಮೆಯಾದರು.

1983ರ ಮಾರ್ಚ್ 25ರಂದು ಕ್ಯಾಲಿಫೋರ್ನಿಯದ ಪ್ಯಾಸಡೀನ ನಗರದಲ್ಲಿ ಮೋಟೌನಿನ ಇಪ್ಪತ್ತೈದು ವರ್ಷಗಳ ಉತ್ಸವ ವೈಭವದಿಂದ ನಡೆಯಿತು. ವೇದಿಕೆಯ ಮೇಲೆ ಹಾಡಿದ ತಾರೆಯರಲ್ಲಿ ಹಲವರ ಹಾಡುಗಳಿಗೆ ಬುನಾದಿ ಹಾಕಿದವನು ಜೇಮರ್ಸನ್. ಅವನಿಗೆ ವೇದಿಕೆಯಿಂದ ಕರೆ ಬರಲಿಲ್ಲ. ಟಿಕೆಟ್ ಕೊಂಡು, ಮೇಲಂತಸ್ತಿನ ಸಾಲಿನಲ್ಲಿ ಎಲ್ಲರಂತೆ ಕುಳಿತು ನೋಡಿ ಬಂದನು.

ಅದೇ ವರ್ಷ ಅವನ 1962ರ ಬೇಸ್ ಕಳವಾಯಿತು. ಕೆಲವೇ ದಿನಗಳಲ್ಲಿ, ಆಗಸ್ಟ್ 2ರಂದು, ಲಾಸ್ ಏಂಜಲೀಸಿನಲ್ಲಿ ಅವನು ತೀರಿಕೊಂಡನು. ಆಗ ಅವನಿಗೆ ನಾಲ್ವತ್ತೇಳು ವರ್ಷ. ದೇಹವನ್ನು ಡೆಟ್ರಾಯಿಟಿಗೆ ಒಯ್ದು ಅಲ್ಲಿನ ವುಡ್‌ಲಾನ್ ಸ್ಮಶಾನದಲ್ಲಿ ಹೂಳಲಾಯಿತು.

ಹೆಸರು ಬಂದದ್ದು ಅನಂತರ. 1989ರಲ್ಲಿ ಆಲನ್ ಸ್ಲಟ್‌ಸ್ಕಿ ಅವನ ಜೀವನವನ್ನೂ ವಾದನವನ್ನೂ ಕುರಿತ ಗ್ರಂಥವನ್ನು ಪ್ರಕಟಿಸಿದನು. 2000ದಲ್ಲಿ ರಾಕ್ ಅಂಡ್ ರೋಲ್ ಕೀರ್ತಿಭವನವು ಪಕ್ಕವಾದ್ಯಗಾರರಿಗಾಗಿ ಹೊಸ ವಿಭಾಗವನ್ನು ತೆರೆದಾಗ ಮೊದಲ ತಂಡದಲ್ಲಿಯೇ ಅವನ ಹೆಸರು ಸೇರಿತು. 2002ರಲ್ಲಿ ಫಂಕ್ ಬ್ರದರ್ಸ್ ಮೇಳದ ಬಗೆಗೆ ಸಾಕ್ಷ್ಯಚಿತ್ರವೊಂದು ತೆರೆಕಂಡಿತು. ಅವನು ನುಡಿಸಿದ ವರ್ಷಗಳ ಪ್ರಿಸಿಷನ್ ಬೇಸುಗಳು ಇಂದು ಸಂಗ್ರಾಹಕರ ನಡುವೆ ಭಾರಿ ಬೆಲೆಗೆ ಕೈಬದಲಾಗುತ್ತವೆ. ಹಳೆಯ ಮಾದರಿಯ ಲಬೆಲ್ಲ ತಂತಿಗಳನ್ನು ಅವನ ಹೆಸರಿನಲ್ಲಿಯೇ ಮಾರುತ್ತಾರೆ.

ಪಾಲ್ ಮೆಕಾರ್ಟ್ನಿಯ ಹಳೆಯ ಬೇಸ್ ಕೂಡ 1972ರಲ್ಲಿ ಲಂಡನ್ನಿನಲ್ಲಿ ಕಳುವಾಗಿದ್ದಿತು. ಅಭಿಮಾನಿಗಳು ಹುಡುಕಿ ಹುಡುಕಿ ಪತ್ತೆಹಚ್ಚಿದರು. ಅದು ಮರಳಿ ಅವನ ಕೈ ಸೇರಿದ ಸುದ್ದಿ 2024ರಲ್ಲಿ ಪ್ರಕಟವಾಯಿತು. ಜೇಮರ್ಸನ್ನನ ಬೇಸಿಗೆ ಅಂಥ ಭಾಗ್ಯ ಒದಗಿದ ಸುದ್ದಿ ಬಂದಿಲ್ಲ. ಕತ್ತಿನ ಬುಡದಲ್ಲಿ ನೀಲಿ ಮಸಿಯ ನಾಲ್ಕಕ್ಷರದ ಪದವೊಂದು ಕೊರೆದಿರುವ ಆ ವಾದ್ಯ ಇದ್ದರೆ, ಇಂದು ಯಾರ ಮನೆಯ ಮೂಲೆಯಲ್ಲಿದೆಯೋ, ಇರಿಸಿಕೊಂಡವರಿಗೆ ಅದು ಯಾರದೆಂದು ಗೊತ್ತೋ ಇಲ್ಲವೋ.