ಎರಡು ಸಲ ಸೀಟು ಸಿಗದ ಗಾಲ್ವಾ

ಕೋಡಿಂಗ್ ಥಿಯರಿ ಅಥವಾ ಕ್ರಿಪ್ಟೋಗ್ರಫಿ ಓದುವಾಗ ಗಾಲ್ವಾ ಫೀಲ್ಡ್ ಅನ್ನೋ ಹೆಸರು ಬಂದೇ ಬರುತ್ತೆ. ನೋಟ್ಸ್‌ನಲ್ಲಿ ಜಿಎಫ್ ಅಂತ ಎರಡಕ್ಷರ ಬರ್ಕೊಂಡು ಮುಂದೆ ಹೋಗ್ತೀವಿ. ಆ ಜಿ ಅಂದ್ರೆ ಎವರಿಸ್ಟ್ ಗಾಲ್ವಾ, ಫ್ರಾನ್ಸಿನವನು. ಆ ವಿಷಯದ ಪೇಪರ್ 1830ರ ಜೂನ್‌ನಲ್ಲಿ ಅಚ್ಚಾದಾಗ ಅವನಿಗೆ 18 ವರ್ಷ. ನಮ್ಮಲ್ಲಿ ಬಹಳ ಜನಕ್ಕಿಂತ ಚಿಕ್ಕವನು, ಹಾಗಾಗಿ ಏಕವಚನವೇ ಇರಲಿ. ಅಷ್ಟು ಹೊತ್ತಿಗೆ ಅವನು ತನ್ನ ದೇಶದ ಅತಿ ದೊಡ್ಡ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲ್ ಆಗಿದ್ದ.

ಒಲಿಂಪಿಯಾಡ್ ಬರೆದ್ರೆ, ಹೆಸರಿಗೊಂದು ರಿಸರ್ಚ್ ಪೇಪರ್ ಇದ್ರೆ ದೊಡ್ಡ ಕಾಲೇಜಲ್ಲಿ ಸೀಟು ಗ್ಯಾರಂಟಿ ಅಂತ ಈಗ ಹೈಸ್ಕೂಲ್ ಮಕ್ಕಳಿಗೂ ಹೇಳೋರಿದ್ದಾರೆ. ನಮ್ಮ ಸೀನಿಯರ್‌ಗಳು ಎಂಎಸ್‌ಗೆ ಅಪ್ಲೈ ಮಾಡೋ ಮುಂಚೆ ಪೇಪರ್ ಪೇಪರ್ ಅಂತ ಪರದಾಡೋದು ಎಲ್ಲರೂ ನೋಡಿರೋದೇ. ಗಾಲ್ವಾನ ಹತ್ತಿರ ಪೇಪರ್ ಇತ್ತು, ಅವನ ಪರವಾಗಿ ಮಾತಾಡೋ ಮೇಷ್ಟ್ರೂ ಇದ್ದರು. ಆದರೂ ಸೀಟು ಸಿಗಲಿಲ್ಲ. ಯಾಕೆ ಅನ್ನೋದು ನಾನು ಅಂದುಕೊಂಡಷ್ಟು ಸರಳ ಇಲ್ಲ.

ಗಾಲ್ವಾ ಹುಟ್ಟಿದ್ದು 1811ರ ಅಕ್ಟೋಬರ್ 25ರಂದು, ಪ್ಯಾರಿಸ್ ಪಕ್ಕದ ಬೂರ್-ಲಾ-ರೆನ್ ಅನ್ನೋ ಊರಲ್ಲಿ. ಅಪ್ಪ ಆ ಊರಿನ ಮೇಯರ್. 12 ವರ್ಷದವರೆಗೆ ಅಮ್ಮನೇ ಮನೆಯಲ್ಲಿ ಪಾಠ ಹೇಳಿಕೊಟ್ಟರು. 1823ರಲ್ಲಿ ಪ್ಯಾರಿಸ್‌ನ ಲೂಯಿ-ಲ-ಗ್ರಾಂ ಶಾಲೆಯ ಹಾಸ್ಟೆಲ್ ಸೇರಿದ. ಶುರುವಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬಹುಮಾನ ತಗೊಳ್ಳೋ ಹುಡುಗ. ಆಮೇಲೆ ಒಂದು ತರಗತಿ ಮತ್ತೆ ಕೂರಬೇಕಾಯಿತು. ಅದೇ ವರ್ಷ, 1827ರಲ್ಲಿ, ಮೊದಲ ಬಾರಿ ಗಣಿತದ ಕ್ಲಾಸಿಗೆ ಕಾಲಿಟ್ಟ. ಲೆಜಾಂಡ್ರನ ಜ್ಯಾಮಿತಿ ಪುಸ್ತಕ ಕೈಗೆ ಸಿಕ್ಕಿತು. ಅಲ್ಲಿಂದ ಲಗ್ರಾಂಜ್ ಬರೆದದ್ದಕ್ಕೆ ನೇರ ಜಿಗಿದ. ಉಳಿದ ಸಬ್ಜೆಕ್ಟುಗಳೆಲ್ಲ ಅವನ ಪಾಲಿಗೆ ಸತ್ತೇಹೋದವು.

ಅವನಿಗೆ ಬೇಕಾಗಿದ್ದು ಎಕೋಲ್ ಪಾಲಿಟೆಕ್ನಿಕ್. ನಮ್ಮ ಕಡೆ ಪಾಲಿಟೆಕ್ನಿಕ್ ಅಂದ್ರೆ ಡಿಪ್ಲೊಮಾ, ಅದಲ್ಲ ಇದು. ಕ್ರಾಂತಿಯ ಕಾಲದಲ್ಲಿ, 1794ರಲ್ಲಿ ಶುರುವಾದ ಕಾಲೇಜು. ರಸ್ತೆ, ಸೇತುವೆ, ಗಣಿ, ಫಿರಂಗಿ ಅಂತ ಫ್ರಾನ್ಸ್ ಸರ್ಕಾರಕ್ಕೆ ಬೇಕಾದ ಎಂಜಿನಿಯರುಗಳು ಅಲ್ಲಿಂದ ಬರ್ತಿದ್ದರು. ಗಣಿತದ ದೊಡ್ಡ ತಲೆಗಳೂ ಅಲ್ಲೇ ಪಾಠ ಮಾಡ್ತಿದ್ದವು. ಅದರ ಮೇಲೆ, ರಾಜನ ವಿರುದ್ಧ ನಿಲ್ಲೋ ಹುಡುಗರ ಅಡ್ಡಾ ಅಂತಲೂ ಹೆಸರಿತ್ತು. ಗಾಲ್ವಾನಿಗೆ ಎರಡೂ ಇಷ್ಟ.

ಒಳಗೆ ಹೋಗೋ ದಾರಿ ಮಾತ್ರ ಒಂದೇ: ಬೋರ್ಡಿನ ಮುಂದೆ ನಿಂತು ಎಕ್ಸಾಮಿನರ್ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಕೊಡೋದು. ನಮ್ಮ ಲ್ಯಾಬ್ ವೈವಾ ನೆನಪಿಸಿಕೊಳ್ಳಿ, ಅದರ ಮೇಲೆ ಇಡೀ ಜೀವನ ನಿಂತಿದೆ ಅಂದುಕೊಳ್ಳಿ. 1828ರಲ್ಲಿ ಗಾಲ್ವಾ ಒಂದು ವರ್ಷ ಮುಂಚೆಯೇ, ಅದಕ್ಕಂತ ಇದ್ದ ವಿಶೇಷ ಗಣಿತ ತರಗತಿಯನ್ನೂ ಮುಗಿಸದೆ, ಹೋಗಿ ನಿಂತ. ಫೇಲ್. ಇದರಲ್ಲಿ ಅನ್ಯಾಯ ಏನೂ ಇಲ್ಲ ಬಿಡಿ, ಸಿಲಬಸ್ಸೇ ಮುಗಿಸಿರಲಿಲ್ಲ.

ಮುಂದಿನ ವರ್ಷ ಸಿಕ್ಕವರು ರಿಶಾರ್ ಮೇಷ್ಟ್ರು. ಇವರು ಸ್ವತಃ ದೊಡ್ಡ ಗಣಿತಜ್ಞರಲ್ಲ, ಆದರೆ ತಮ್ಮ ಎದುರಿಗೆ ಕೂತಿರೋನು ಯಾರು ಅಂತ ಗುರುತಿಸೋ ಕಣ್ಣಿತ್ತು. ಈ ಹುಡುಗನನ್ನು ಪರೀಕ್ಷೆಯೇ ಇಲ್ಲದೆ ಪಾಲಿಟೆಕ್ನಿಕ್‌ಗೆ ಸೇರಿಸ್ಕೊಳ್ಳಬೇಕು ಅನ್ನೋದು ಅವರ ಅಭಿಪ್ರಾಯ. 1829ರ ಏಪ್ರಿಲ್‌ನಲ್ಲಿ ಗಾಲ್ವಾನ ಮೊದಲ ಪೇಪರ್, ಕಂಟಿನ್ಯೂಡ್ ಫ್ರ್ಯಾಕ್ಷನ್ ಬಗ್ಗೆ, ಜೆರ್ಗೋನ್ ಅವರ ಗಣಿತ ಪತ್ರಿಕೆಯಲ್ಲಿ ಬಂತು. ಮೇ, ಜೂನ್‌ನಲ್ಲಿ ಸಮೀಕರಣಗಳ ಮೇಲಿನ ಸಂಶೋಧನೆ ವಿಜ್ಞಾನ ಅಕಾಡೆಮಿಗೆ ಹೋಯಿತು. ನೋಡಬೇಕಾಗಿದ್ದವರು ಕೋಶಿ, ಅದೇ ನಮ್ಮ ಎಂ-3ರಲ್ಲಿ ಬರೋ ಕೋಶಿ. 17 ವರ್ಷಕ್ಕೆ ಇದಕ್ಕಿಂತ ಒಳ್ಳೆ ಪ್ರೊಫೈಲ್ ಯಾರಿಗಿರುತ್ತೆ ಹೇಳಿ.

ಜುಲೈ ಮೊದಲ ವಾರ ಎಲ್ಲ ಮುರಿದುಬಿತ್ತು. ಊರಿನ ಪಾದ್ರಿಯ ಕಡೆಯಿಂದ ಮೇಯರ್ ಹೆಸರಲ್ಲಿ ಕೊಳಕು ಪದ್ಯಗಳು ಹರಿದಾಡಿದವು. ಆ ಅವಮಾನ ತಡೆಯಲಾರದೆ ಅಪ್ಪ ಆತ್ಮಹತ್ಯೆ ಮಾಡಿಕೊಂಡರು. ಅಂತ್ಯಕ್ರಿಯೆಯ ದಿನ ಊರಲ್ಲಿ ಗಲಾಟೆಯೇ ಆಯಿತು. ಅಪ್ಪ ಹೋಗಿ ಕೆಲವೇ ವಾರ ಆಗಿರುವಾಗ ಎರಡನೇ ಪರೀಕ್ಷೆ. ಬೋರ್ಡ್ ಒರೆಸೋ ಬಟ್ಟೆಯನ್ನು ಎಕ್ಸಾಮಿನರ್ ಮುಖಕ್ಕೆ ಎಸೆದ ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ, ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಮಧ್ಯದ ಸ್ಟೆಪ್ಪುಗಳನ್ನು ತಲೆಯಲ್ಲೇ ಮುಗಿಸಿ ಉತ್ತರ ಮಾತ್ರ ಹೇಳೋ ಅಭ್ಯಾಸ ಅವನದು. ಬೋರ್ಡಿನ ಮುಂದೆ ಆ ಅಭ್ಯಾಸ ನಡೆಯಲ್ಲ. ಮತ್ತೆ ಫೇಲ್. ಎರಡೇ ಸಲ ಅವಕಾಶ ಇದ್ದದ್ದು, ಅಲ್ಲಿಗೆ ಮುಗೀತು.

ಈ ಕಥೆ ಹೇಳೋರೆಲ್ಲ ಇಲ್ಲಿ ಎಕ್ಸಾಮಿನರ್‌ಗೆ ಬೈದು ಮುಂದೆ ಹೋಗ್ತಾರೆ. ನನಗೆ ಅಷ್ಟು ಸುಲಭವಾಗಿ ಬೈಯೋಕೆ ಮನಸ್ಸಾಗಲ್ಲ. ರಿಶಾರ್ ಮೇಷ್ಟ್ರ ಮಾತಿಗೆ ಅಲ್ಲಿ ಯಾಕೆ ಬೆಲೆ ಇರಲಿಲ್ಲ? ಒಬ್ಬರ ಶಿಫಾರಸು ನಡೆದರೆ ಎಲ್ಲರ ಶಿಫಾರಸೂ ನಡೀಬೇಕು. ಆಗ ಮಂತ್ರಿಯ ಮಗನಿಗೂ ಜನರಲ್ ಅಳಿಯನಿಗೂ ಪತ್ರ ಬರೆಯೋರು ಸಾಲು ನಿಲ್ತಾರೆ. ಹುಟ್ಟು, ಮನೆತನ, ವಶೀಲಿ ಯಾವುದೂ ಬೇಡ ಅಂತಲೇ ಕ್ರಾಂತಿಯವರು ಆ ಪರೀಕ್ಷೆ ಇಟ್ಟಿದ್ದು. ನಾವೂ ಸಿಇಟಿ ರ‍್ಯಾಂಕ್ ಹಿಡ್ಕೊಂಡು ಬಂದವರೇ, ಆ ಪಟ್ಟಿಯಲ್ಲಿ ಅಪ್ಪನ ಹೆಸರು ನಡೆಯಲ್ಲ ಅನ್ನೋ ನೆಮ್ಮದಿ ನಮಗೂ ಗೊತ್ತು. ಅದೇ ಕಾರಣಕ್ಕೆ ಆ ಪಟ್ಟಿಗೆ ಗಾಲ್ವಾನ ಪೇಪರ್ ಕೂಡ ಕಾಣಲ್ಲ. ಎರಡೂ ಒಂದೇ ಬಾಗಿಲಿನ ಗುಣ. ಐಐಟಿ ಮದ್ರಾಸ್ ಈಗ ಒಲಿಂಪಿಯಾಡ್ ಸಾಧಕರಿಗೆ ಬೇರೆ ದಾರಿ ತೆಗೆದಿದೆ, ಅದು ಒಳ್ಳೆಯದೇ, ಆದರೆ ಕೋಚಿಂಗ್ ಫೀಸ್ ಕಟ್ಟಬಲ್ಲ ಮನೆಗಳು ಆ ದಾರಿಯನ್ನೂ ಬೇಗ ಕಲೀತಾವೆ.

ಪರೀಕ್ಷೆ ಬಿಡಿ, ಸಂಶೋಧನೆಯನ್ನು ಸಂಶೋಧನೆಯಾಗಿಯೇ ನೋಡೋ ಜಾಗದಲ್ಲಿ ಏನಾಯಿತು ಅಂತ ಕೇಳಿ. ಅದೇ ನನಗೆ ಹೆಚ್ಚು ಬೇಜಾರಾಗೋ ಭಾಗ. 1830ರ ಜನವರಿಯಲ್ಲಿ ಗಾಲ್ವಾನ ಕೆಲಸದ ಬಗ್ಗೆ ಕೋಶಿ ಅಕಾಡೆಮಿಯಲ್ಲಿ ಮಾತಾಡಬೇಕಿತ್ತು. ಆ ದಿನ ಹುಷಾರಿಲ್ಲ ಅಂತ ಪತ್ರ ಕಳಿಸಿದರು. ಮುಂದಿನ ಸಭೆಗೆ ಬಂದು ತಮ್ಮದೇ ಪ್ರಬಂಧ ಓದಿದರು, ಹುಡುಗನ ಸುದ್ದಿ ಎತ್ತಲಿಲ್ಲ. ಫೆಬ್ರವರಿಯಲ್ಲಿ ಗಾಲ್ವಾ ಅದನ್ನೇ ತಿದ್ದಿ ಅಕಾಡೆಮಿಯ ಗಣಿತದ ಮಹಾ ಬಹುಮಾನದ ಸ್ಪರ್ಧೆಗೆ ಕಳಿಸಿದ. ಹಸ್ತಪ್ರತಿಯನ್ನು ಫೂರಿಯರ್ ಮನೆಗೆ ಒಯ್ದರು, ಹೌದು, ಫೂರಿಯರ್ ಸೀರೀಸ್‌ನವರೇ. ಮೇ 16ಕ್ಕೆ ತೀರಿಕೊಂಡರು. ಹಸ್ತಪ್ರತಿ ಸಿಗಲೇ ಇಲ್ಲ. ಬಹುಮಾನ ಯಾಕೋಬಿಗೂ, ಹಿಂದಿನ ವರ್ಷವೇ ತೀರಿಕೊಂಡಿದ್ದ ಆಬೆಲ್‌ಗೂ ಹೋಯಿತು. ಇಬ್ಬರೂ ಅದಕ್ಕೆ ಅರ್ಹರೇ. ಆದರೆ ಗಾಲ್ವಾ ಸೋತ ಅನ್ನೋ ಹಾಗೂ ಇಲ್ಲ, ಅವನ ಉತ್ತರ ಪತ್ರಿಕೆಯೇ ಮೇಜಿನ ಮೇಲಿರಲಿಲ್ಲ.

ಇಷ್ಟರಲ್ಲಿ ಅವನು ಶಿಕ್ಷಕರನ್ನು ತಯಾರು ಮಾಡೋ ಎಕೋಲ್ ಪ್ರೆಪರಟ್ವಾರ್ ಸೇರಿದ್ದ, ಮುಂದೆ ಎಕೋಲ್ ನಾರ್ಮಾಲ್ ಆದದ್ದು ಅದೇ. ಅಲ್ಲಿನ ಪರೀಕ್ಷೆಯಲ್ಲಿ ಗಣಿತದವರು ಹೊಗಳಿದರು. ಭೌತಶಾಸ್ತ್ರದವರು ಇವನಿಗೆ ಏನೂ ಬರಲ್ಲ, ಗಣಿತದಲ್ಲಿ ಜಾಣ ಅನ್ನೋದನ್ನೇ ನಂಬೋಕಾಗಲ್ಲ ಅಂತ ಬರೆದರು. ಜುಲೈ ಕ್ರಾಂತಿಯ ಮೂರು ದಿನ ಪಾಲಿಟೆಕ್ನಿಕ್ ಹುಡುಗರು ಬೀದಿಯಲ್ಲಿ ಹೋರಾಡ್ತಿದ್ದರೆ, ಇವರ ನಿರ್ದೇಶಕರು ಗೇಟಿಗೆ ಬೀಗ ಹಾಕಿಸಿದ್ದರು. ಗಾಲ್ವಾ ಡಿಸೆಂಬರ್‌ನಲ್ಲಿ ಅದನ್ನು ಪತ್ರಿಕೆಗೆ ಬರೆದ, ಕಾಲೇಜಿನಿಂದ ಹೊರಗೆ ಬಿದ್ದ. 1831ರ ಜನವರಿಯಲ್ಲಿ ಪುಸ್ತಕದಂಗಡಿಯೊಂದರಲ್ಲಿ ಬೀಜಗಣಿತದ ಪಾಠ ಶುರುಮಾಡಿದ. ಮೊದಲು ಸುಮಾರು 40 ಜನ ಬಂದರು, ಆಮೇಲೆ ಕರಗಿಹೋದರು. ಅದೇ ತಿಂಗಳು ಪ್ವಾಸೋನ್ ಕೇಳಿದ್ದಕ್ಕೆ ಮೂರನೇ ಸಲ ಪ್ರಬಂಧ ಬರೆದು ಅಕಾಡೆಮಿಗೆ ಕೊಟ್ಟ. ವಾದ ಸ್ಪಷ್ಟವಾಗಿಲ್ಲ, ಇನ್ನೂ ವಿಸ್ತರಿಸಿ ಬರೆಯಬೇಕು ಅನ್ನೋ ವರದಿ ಅವನ ಕೈಸೇರಿದ್ದು ಜೈಲಿನಲ್ಲಿ. ಜುಲೈ 14ರಂದು ನಿಷೇಧಿತ ಫಿರಂಗಿ ದಳದ ಸಮವಸ್ತ್ರ ಹಾಕಿಕೊಂಡು ಬೀದಿಗಿಳಿದಿದ್ದಕ್ಕೆ ಹಿಡಿದು ಒಳಗೆ ಹಾಕಿದ್ದರು. ಪ್ವಾಸೋನ್ ಹೇಳಿದ್ದು ಪೂರ್ತಿ ತಪ್ಪಲ್ಲ, ಗಾಲ್ವಾ ಬಿಡಿಸಿ ಬರೆಯೋ ಜಾಯಮಾನದವನಲ್ಲ. ಆದರೆ ಕೂತು ಬಿಡಿಸಿ ಬರೆಸೋರು ಒಬ್ಬರಿದ್ದಿದ್ದರೆ ಅನ್ನಿಸದೇ ಇರಲ್ಲ.

ಅವನು ಮಾಡಿದ್ದಾದರೂ ಏನು? ಐದನೇ ಘಾತದ ಸಾಮಾನ್ಯ ಸಮೀಕರಣಕ್ಕೆ ಮೂಲಚಿಹ್ನೆಗಳ ಸೂತ್ರ ಇಲ್ಲ ಅಂತ ಆಬೆಲ್ ಆಗಲೇ ತೋರಿಸಿದ್ದ. ಯಾವ ಸಮೀಕರಣಕ್ಕೆ ಇರುತ್ತೆ, ಯಾವುದಕ್ಕಿಲ್ಲ ಅಂತ ಹೇಳೋ ಅಳತೆಗೋಲು ಗಾಲ್ವಾನದು. ಉತ್ತರಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಇಟ್ಟು ಅದಲುಬದಲು ಮಾಡೋ ರೀತಿಗಳನ್ನೇ ಒಂದು ಗುಂಪಾಗಿ ನೋಡಿದ, ಗ್ರೂಪ್ ಥಿಯರಿಯ ಬೇರು ಅಲ್ಲಿದೆ. 18ನೇ ವಯಸ್ಸಿನ ಆ ಪೇಪರ್‌ನ ಫೈನೈಟ್ ಫೀಲ್ಡ್ ಇವತ್ತು ಕ್ಯೂಆರ್ ಕೋಡ್‌ನಲ್ಲಿದೆ. ಅಂಗಡಿಯಲ್ಲಿ ಅಂಟಿಸಿದ ಸ್ಟಿಕ್ಕರ್ ಅರ್ಧಂಬರ್ಧ ಕೊಳೆಯಾಗಿದ್ದರೂ ದುಡ್ಡು ಸರಿಯಾದ ಖಾತೆಗೇ ಹೋಗುತ್ತಲ್ಲ, ಆ ತಪ್ಪು ತಿದ್ದೋ ಲೆಕ್ಕ ನಡೆಯೋದು 256 ಅಂಶಗಳ ಗಾಲ್ವಾ ಫೀಲ್ಡ್‌ನಲ್ಲಿ. ಎಇಎಸ್ ಎನ್‌ಕ್ರಿಪ್ಷನ್ ಕೂಡ ಅಲ್ಲೇ.

1832ರ ಮೇ 30ರಂದು ದ್ವಂದ್ವಯುದ್ಧದಲ್ಲಿ ಹೊಟ್ಟೆಗೆ ಗುಂಡು ಬಿತ್ತು. ಮರುದಿನ ಆಸ್ಪತ್ರೆಯಲ್ಲಿ ಸತ್ತ, 20 ವರ್ಷ. ಹಿಂದಿನ ರಾತ್ರಿ ಇಡೀ ಥಿಯರಿ ಬರೆದು ಮುಗಿಸಿದ ಅನ್ನೋದು ಸಿನಿಮಾ ಮಾತು. ಥಿಯರಿ ಮುಂಚೆಯೇ ಇತ್ತು. ಆ ರಾತ್ರಿ ಹಸ್ತಪ್ರತಿ ತಿದ್ದಿ, ಗೆಳೆಯ ಶವಾಲಿಯೇಗೆ ಅದರ ಸಾರಾಂಶದ ದೀರ್ಘ ಪತ್ರ ಬರೆದ. ಗೆಳೆಯ ಮತ್ತು ತಮ್ಮ ಆಲ್ಫ್ರೆಡ್ ಸೇರಿ ಎಲ್ಲ ಕಾಗದಗಳನ್ನು ಪ್ರತಿ ಮಾಡಿದರು. 1843ರಲ್ಲಿ ಲಿಯೂವಿಲ್ ಅದನ್ನು ಕೂತು ಓದಿದರು, 1846ರಲ್ಲಿ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಲಿಯೂವಿಲ್ ಪಾಲಿಟೆಕ್ನಿಕ್‌ನಲ್ಲಿ ಓದಿದವರು, ಆಗ ಅಲ್ಲೇ ಪ್ರೊಫೆಸರ್.

ರಿಶಾರ್ ಮೇಷ್ಟ್ರು ಮಾತ್ರ ಗಾಲ್ವಾನ ಕ್ಲಾಸ್ ಪುಸ್ತಕಗಳನ್ನು ಬಿಸಾಡಿರಲಿಲ್ಲ. ಸುಮಾರು ಹತ್ತು ವರ್ಷದ ಮೇಲೆ ಅದೇ ಶಾಲೆಗೆ ಅದೇ ಥರದ ಇನ್ನೊಬ್ಬ ಹುಡುಗ ಬಂದ, ಶಾರ್ಲ್ ಎರ್ಮಿತ್. ನಮ್ಮ ಹರ್ಮಿಶಿಯನ್ ಮ್ಯಾಟ್ರಿಕ್ಸ್ ಅವನ ಹೆಸರಿನದು. ಅವನೂ ಶಾಲೆಯಲ್ಲಿರುವಾಗಲೇ ಪೇಪರ್ ಬರೆದವನು. 1842ರಲ್ಲಿ ಪಾಲಿಟೆಕ್ನಿಕ್ ಪರೀಕ್ಷೆ ಬರೆದ, ಪಾಸಾದ, ರ‍್ಯಾಂಕ್ 68. ಮೇಷ್ಟ್ರು ಆ ಪುಸ್ತಕಗಳನ್ನು ಕೊಟ್ಟಿದ್ದು ಅವನ ಕೈಗೆ.