ಪಾಲ್ ಬರ್ಟ್: ಪ್ರಾಣವಾಯುವಿಗೂ ಒಂದು ಮಿತಿ

ಬೋಧನಾಭ್ಯಾಸದಲ್ಲಿ ನನಗೆ ಕಡೂರು, ತರೀಕೆರೆ, ಅಜ್ಜಂಪುರದ ಪ್ರೌಢಶಾಲೆಗಳು ದೊರೆತಿದ್ದವು. ಹತ್ತನೇ ತರಗತಿಯ ಉಸಿರಾಟದ ಪಾಠಕ್ಕೆ ಪೂರಕವಾಗಿ ಮೂರೂ ಕಡೆ ಫ್ರಾನ್ಸಿನ ಶರೀರವಿಜ್ಞಾನಿ ಪಾಲ್ ಬರ್ಟ್ ಅವರ ಜೀವನವನ್ನು ಹೇಳಿದೆ. ಕೊರೊನಾ ಕಾಲದಲ್ಲಿ ಆಕ್ಸಿಜನ್ ಸಿಲಿಂಡರಿಗಾಗಿ ಜನ ಪರದಾಡಿದ್ದನ್ನು ಕಂಡ ಮಕ್ಕಳಿವರು. ಆಕ್ಸಿಜನ್ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಅವರ ಪೂರ್ವಜ್ಞಾನ. ಅದನ್ನು ತಿದ್ದುವುದೇ ನನ್ನ ಪಾಠದ ಉದ್ದೇಶವಾಗಿತ್ತು.

ಬರ್ಟ್ ಹುಟ್ಟಿದ್ದು 1833ರಲ್ಲಿ, ಓಸೇರ್ ಎಂಬ ಊರಿನಲ್ಲಿ. ಮೊದಲು ಕಾನೂನು ಓದಿ, ಬಳಿಕ ವೈದ್ಯ ಮತ್ತು ವಿಜ್ಞಾನದ ಕಡೆ ಹೊರಳಿದರು. ಹೆಸರಾಂತ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಅವರ ಗುರುಗಳು.

ಗಾಳಿಯ ಒತ್ತಡ ಏರಿದರೆ, ಇಳಿದರೆ ದೇಹಕ್ಕೆ ಏನಾಗುತ್ತದೆಂದು ತಿಳಿಯಲು ಅವರು ಪ್ರಾಣಿಪಕ್ಷಿಗಳನ್ನು ಲೋಹದ ಕೋಣೆಗಳಲ್ಲಿಟ್ಟು ಪರೀಕ್ಷಿಸಿದರು. ಒತ್ತಡ ಬಹಳ ಏರಿದಾಗ ಅವು ಅಪಸ್ಮಾರ ಬಂದಂತೆ ಸೆಟೆದು ಸತ್ತವು. ಕಾರಣ ಒತ್ತಡವೋ, ಆಕ್ಸಿಜನ್ನೋ? ಆಕ್ಸಿಜನ್ ಕಡಿಮೆಯಿರುವ ಗಾಳಿಯನ್ನು ಅಷ್ಟೇ ಒತ್ತಡದಲ್ಲಿ ಕೊಟ್ಟಾಗ ಸೆಳವು ಬರಲಿಲ್ಲ. ಶುದ್ಧ ಆಕ್ಸಿಜನ್ ಕೊಟ್ಟಾಗ ಕಡಿಮೆ ಒತ್ತಡದಲ್ಲೇ ಬಂತು. ತಪ್ಪು ಒತ್ತಡದ್ದಲ್ಲ, ಅತಿಯಾದ ಆಕ್ಸಿಜನ್ನದು ಎಂದು ಖಚಿತವಾಯಿತು. ಸಾವಿರ ಪುಟ ಮೀರಿದ ಅವರ ಗ್ರಂಥ 1878ರಲ್ಲಿ ಹೊರಬಂತು.

ಆಕ್ಸಿಜನ್ ಕೊರತೆಯೂ ಕೊಲ್ಲುತ್ತದೆಂಬುದನ್ನು ಅವರು ನೋವಿನಿಂದಲೇ ಕಂಡರು. 1875ರಲ್ಲಿ ಅವರ ಪರಿಚಿತರಾದ ಮೂವರು ಬಲೂನಿನಲ್ಲಿ 8,000 ಮೀಟರ್‌ಗೂ ಮೇಲೇರಿದರು. ಒಯ್ದ ಆಕ್ಸಿಜನ್ ಸಾಲದೆಂದು ಬರ್ಟ್ ಬರೆದ ಪತ್ರ ಸಮಯಕ್ಕೆ ತಲುಪಲಿಲ್ಲ. ಇಬ್ಬರು ಮರಳಿ ಉಸಿರಾಡಲಿಲ್ಲ.

ಅತಿಯಾದ ಆಕ್ಸಿಜನ್ ಕೆಡುಕು ಮಾಡುವ ಬಗೆ ತಿಳಿದದ್ದು ಅವರ ನಂತರ. ಜೀವಕೋಶದಲ್ಲಿ ಸ್ವಲ್ಪ ಆಕ್ಸಿಜನ್ ಸದಾ ಸೂಪರ್‌ಆಕ್ಸೈಡ್‌ನಂಥ ಉಗ್ರ ರೂಪ ತಾಳುತ್ತದೆ. ಇದರಿಂದ ಹುಟ್ಟುವ ಕಣಗಳು ಕೋಶಪೊರೆಯ ಕೊಬ್ಬನ್ನು ಉತ್ಕರ್ಷಿಸುತ್ತವೆ. ಕಡೂರಿನ ಮಕ್ಕಳಿಗೆ ಹಳೆಯ ಕೊಬ್ಬರಿ ಕಮಟು ಹಿಡಿಯುವುದನ್ನು ನೆನಪಿಸಿದೆ. ಅದೂ ಇದೇ ಜಾತಿಯ ಕ್ರಿಯೆ. ದೇಹಕ್ಕೆ ಕಾವಲುಗಾರರಿದ್ದಾರೆ: 1969ರಲ್ಲಿ ಗುರುತಿಸಿದ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಜೊತೆಗೆ ಕೆಟಲೇಸ್, ಗ್ಲುಟಥಯೋನ್. ಒತ್ತಡದಲ್ಲಿ ಆಕ್ಸಿಜನ್ ನುಗ್ಗಿದಾಗ ಕಾವಲು ಸಾಲದು. ಮಿದುಳಿಗೆ ಸೆಳವು, ಹೆಚ್ಚು ಹೊತ್ತಾದರೆ ಶ್ವಾಸಕೋಶಕ್ಕೆ ಉರಿಯೂತ. ಅದಕ್ಕೇ ಇಂದು ವೈದ್ಯರು ಅಧಿಕ ಒತ್ತಡದ ಆಕ್ಸಿಜನ್ ಚಿಕಿತ್ಸೆಯನ್ನು ಸಾಮಾನ್ಯವಾಗಿ 2ರಿಂದ 3 ವಾಯುಭಾರದೊಳಗೆ, ಹೊತ್ತು ಗೊತ್ತುಮಾಡಿ ಕೊಡುತ್ತಾರೆ. ಹಲವೆಡೆ ನಡುನಡುವೆ ಬರಿಯ ಗಾಳಿ ಉಸಿರಾಡಲು ಬಿಡುತ್ತಾರೆ.

ನಮಗೆ, ಪ್ರಶಿಕ್ಷಣಾರ್ಥಿಗಳಿಗೆ, ಬರ್ಟ್ ಇನ್ನೊಂದು ಬಗೆಯಲ್ಲಿ ಹತ್ತಿರದವರು. ಫ್ರಾನ್ಸಿನ ಪ್ರತಿ ಜಿಲ್ಲೆಯಲ್ಲೂ ಶಿಕ್ಷಕರಿಗೊಂದು, ಶಿಕ್ಷಕಿಯರಿಗೊಂದು ತರಬೇತಿ ಶಾಲೆ ಇರಬೇಕೆಂಬ 1879ರ ಕಾಯ್ದೆ ಅವರ ಹೆಸರಿನಿಂದಲೇ ಪ್ರಸಿದ್ಧ. 1881ರಲ್ಲಿ ಶಿಕ್ಷಣ ಸಚಿವರಾದರು. ಮಕ್ಕಳಿಗೆ ವಿಜ್ಞಾನ ಪುಸ್ತಕಗಳನ್ನು ಬರೆದರು. ಆ ಪುಸ್ತಕಗಳಲ್ಲೇ ಯುರೋಪಿಯನ್ನರನ್ನು ಉಳಿದ ಜನಾಂಗಗಳಿಗಿಂತ ಮೇಲಿಟ್ಟರು. ಕೊನೆಗೆ ವಸಾಹತಿನ ಆಡಳಿತಾಧಿಕಾರಿಯಾಗಿ ಹೋಗಿ 1886ರಲ್ಲಿ ಹನೋಯ್‌ನಲ್ಲಿ ತೀರಿಕೊಂಡರು. ಇದನ್ನೂ ಮಕ್ಕಳಿಂದ ಮುಚ್ಚಿಡಲಿಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೇಳಿದೆ: ಒತ್ತಡ, ಆಕ್ಸಿಜನ್ ಎರಡೂ ಒಟ್ಟಿಗೆ ಏರಿದರೆ ಕಾರಣ ಯಾವುದೆಂದು ಹೇಗೆ ತಿಳಿಯುವಿರಿ? ಅಜ್ಜಂಪುರದ ಹುಡುಗಿಯೊಬ್ಬಳು ಒಂದನ್ನು ಹಾಗೇ ಬಿಟ್ಟು ಇನ್ನೊಂದನ್ನು ಬದಲಿಸಬೇಕೆಂದು ಬರೆದಿದ್ದಳು. ಬರ್ಟ್ ಅವರ ಜೀವನದಿಂದ ತರಗತಿಗೆ ತರಬೇಕಾದದ್ದು ಇದನ್ನೇ.